ಅಳಿಯ ಹೋದ, ಅಳಿಯ ಬಂದ

ಕೈತುಂಬ ಮೆಹಂದಿ ಹಚ್ಚಿಸಿಕೊಂಡ ಮದುಮಗಳಷ್ಟು ನಿರುಪಯೋಗಿ ಪ್ರಾಣಿ ಇನ್ನೊಂದಿಲ್ಲ. ಮೂಗು ತುರಿಸಿದರೂ ಇನ್ನೊಬ್ಬರನ್ನು ಕೂಗಬೇಕು. ಆಂಟಾಪ್ ಹಿಲ್‌ನ ಮನೆಯಲ್ಲಿ ಯಕ್ಷಿತಾ ಹಾಗೆ ಎರಡೂ ಕೈ ಚಾಚಿ ಕೂತಿದ್ದಳು. ಪಕ್ಕದ ಮನೆಯ ಸೋನಾಲಿ ಅವಳ ಪಾದಕ್ಕೆ ಬಳ್ಳಿ ಬಿಡಿಸುತ್ತಿದ್ದಳು. ನಾಳೆ ಮದುವೆ. ಇಡೀ ಮನೆ ನಗುತ್ತಿದ್ದರೆ ಮದುಮಗಳ ತಾಯಿ ರಾಚವ್ವ ಮಾತ್ರ ಫೋನು ಹಿಡಿದು ಮುಖ ಸಣ್ಣದು ಮಾಡಿಕೊಂಡಿದ್ದಳು.

ಕಾರಣ ಭಾಗವ್ವ, ಅಂದರೆ ರಾಚವ್ವನ ಗಂಡ ಭೀಮರಾಯನ ಅಕ್ಕ. ಬೆಳಗಾವಿಯಲ್ಲಿ ಅಚ್ಚಾದ ಲಗ್ನಪತ್ರಿಕೆಯ 'ಸುಖಾಗಮನ ಬಯಸುವವರು' ಎಂಬಲ್ಲಿ ಕಾಕಾಗಳಿದ್ದರು, ಮಾವಂದಿರಿದ್ದರು, ಯಾರೂ ಕಂಡರಿಯದ ದೂರದ ಸಂಬಂಧಿಯೊಬ್ಬನೂ ಇದ್ದ. ಭಾಗವ್ವ ಇರಲಿಲ್ಲ. ಕೊನೆಗೆ 'ಹಾಗೂ ಬಂಧು-ಬಳಗ' ಅಂತಿತ್ತು. "ನಾ ಹುಟ್ಟಿದ ಮನಿಗೆ ನಾನ ಬಂಧು-ಬಳಗ ಆದ್ನೇನ? ಲಗ್ನಕ್ಕ ಬರಂಗಿಲ್ಲ" ಎಂದವಳು ಆಮೇಲೆ ಫೋನೇ ಎತ್ತಲಿಲ್ಲ. ಹೆಸರು ಮರೆತವನು ಭೀಮರಾಯ. ಮರೆಯುವುದು ಗಂಡಸರು, ಕಾಲು ಹಿಡಿಯುವುದು ಹೆಂಗಸರು, ಈ ವ್ಯವಸ್ಥೆ ನಿನ್ನೆ ಮೊನ್ನೆಯದಲ್ಲ.

ಭಾಗವ್ವ ಬಾರದಿದ್ದರೆ ಮದುವೆಯೇನೂ ನಿಲ್ಲುವುದಿಲ್ಲ. ಆದರೆ ಮಗಳಿಗೆ ಮೊದಲ ಆರತಿ ಎತ್ತಬೇಕಾದವಳು ಸೋದರತ್ತೆ. ಮೇಲಾಗಿ ರಾಚವ್ವನಿಗೆ ಅವಳ ಮೇಲೆ ಜೀವ. ಹೊಸ ಮದುಮಗಳಾಗಿ ಮುಂಬಯಿಗೆ ಬಂದಾಗ ದಾದರ್ ಸ್ಟೇಷನ್ನಿನ ಜನಜಾತ್ರೆ ನೋಡಿ ಅವಳು ಅತ್ತುಬಿಟ್ಟಿದ್ದಳು. ಆಗ ಭಾಗವ್ವ ಕೈ ಹಿಡಿದು, "ಹತ್ತೂದ ಮಂದೀನ ಹತ್ತಿಸ್ತಾರ. ನೀ ಮೊದಲ ಇಳಿಯೂದ ಕಲಿ" ಎಂದು ಲೋಕಲ್ ರೈಲಿನ ವಿದ್ಯೆ ಹೇಳಿಕೊಟ್ಟಿದ್ದಳು.

ಮದುವೆಯ ಹಾಲ್ ಜೋಗೇಶ್ವರಿಯಲ್ಲಿ, ಸರಿಯಾಗಿ ಭಾಗವ್ವನ ಬಾಲ್ಕನಿಯ ಎದುರಿಗೆ. ಅವಳಿಗೆ ಮೊಣಕಾಲು ನೋವು, ನಡೆಯುವುದು ತಪ್ಪಲಿ ಎಂದೇ ಅದನ್ನು ಹಿಡಿದಿದ್ದರು. ಹಾಲಿನ ಗೇಟಿನ ಮೇಲೆ ಕೆಂಪು ಅಕ್ಷರ ಓಡುವ ಬೋರ್ಡು. ದೂರದಿಂದಲೇ ಮಂದಿಯ ಕಂಪ್ಯೂಟರ್ ಸಂಭಾಳಿಸುವ ಕಂಪನಿಯಲ್ಲಿ ಯಕ್ಷಿತಾಳ ಕೆಲಸ ಎಂದು ತಿಳಿದದ್ದೇ, ಹಾಲಿನ ಮ್ಯಾನೇಜರ್ ಬೋರ್ಡಿನ ಪಾಸ್‌ವರ್ಡ್ ಕೊಟ್ಟು, "ನಿಮ್ಮ ಹೆಸರು ನೀವೇ ಬರ್ಕೊಳ್ಳಿ" ಎಂದು ಕೈ ತೊಳೆದುಕೊಂಡಿದ್ದ.

ರಾಚವ್ವನಿಗೆ ಥಟ್ಟನೆ ಏನೋ ಹೊಳೆಯಿತು. "ಆ ಬೋರ್ಡಿನ್ಯಾಗ ಯಾರ ಹೆಸರ ಬೇಕಾದ್ರೂ ಹಾಕಾಕ ಬರತೈತೇನ?"

"ಹಾ ಮಮ್ಮೀ, ಕುಛ್ ಭೀ."

"ಹಂಗಾರ ನಿಮ್ಮತ್ತಿ ಹೆಸರ ಹಾಕು!"

ಯಕ್ಷಿತಾ ಹಸಿ ಮೆಹಂದಿಯ ಕೈಗಳನ್ನು ಎತ್ತಿ ತೋರಿಸಿದಳು. "ಕೈಸೇ? ನಾ ಹೇಳ್ತೀನಿ, ನೀನೇ ಟೈಪ್ ಮಾಡು."

ಲ್ಯಾಪ್‌ಟಾಪ್ ರಾಚವ್ವನ ತೊಡೆಯೇರಿತು. ಮಗಳು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದ ಮೇಲೆ ತೆರೆದುಕೊಂಡದ್ದು ಕಪ್ಪು ಪರದೆ. ಚಿತ್ರವಿಲ್ಲ, ಬಣ್ಣವಿಲ್ಲ. ಮೇಲೆ ಮೂರು ಸಾಲು: ಶುಭ ವಿವಾಹ, ಯಕ್ಷಿತಾ ವೆಡ್ಸ್, ಶಶಿಕಾಂತ. ಎಲ್ಲಾ ಇಂಗ್ಲಿಷ್ ಅಕ್ಷರ. ಕೆಳಗೆ ಸಣ್ಣ ಟೋಪಿಯಂಥ ಗುರುತು, ಅದರ ಪಕ್ಕ ಒಂದೊಂದು ಅಕ್ಷರ.

"ಇದ್ಯಾಕ ಹಿಂಗ ಕರ್ರಗೈತಿ? ಕೆಟ್ಟೈತೇನ?"

"ನಹೀಂ ಮಮ್ಮೀ, ಇದು ನ್ಯಾನೊ, ಬರೆಯೋದು. ಆ ಟೋಪಿ ಅಂದ್ರೆ ಕಂಟ್ರೋಲ್ ಬಟನ್. ಪೆಹಲೇ ಹೊರಗೆ ಬರೋದು ಕಲಿ. ಕಂಟ್ರೋಲ್ ಎಕ್ಸ್. ಅದು ಬಂದ್ರೆ ಡರ್ ನಹೀಂ."

ರಾಚವ್ವ ಮಗಳ ಮುಖವನ್ನೇ ನೋಡಿದಳು. "ನಿಮ್ಮತ್ತೀನೂ ನನಗ ಇದನ್ನ ಹೇಳಿದ್ಲು" ಎಂದು ಒತ್ತಿದಳು. ಹೊರಗೆ ಬಂದಳು. ಮತ್ತೆ ಒಳಗೆ ಹೋದಳು, ಮತ್ತೆ ಬಂದಳು. ಅಲ್ಲಿಗೆ ಅವಳ ಭಯ ಹೋಯಿತು.

"ಈಗ ಕೊನೇ ಸಾಲಿಗೆ ಹೋಗಿ ಕಂಟ್ರೋಲ್ ಕೆ. ಸಾಲು ಕಟ್ ಆಗ್ತದೆ."

ಒತ್ತಿದಳು. ಶಶಿಕಾಂತ ಮಾಯ.

"ಅಯ್ಯಯ್ಯ, ಅಳಿಯ ಹೋದ!"

"ಕಂಟ್ರೋಲ್ ಯು ಒತ್ತು."

"ಅಳಿಯ ಬಂದ!"

ಅಷ್ಟೇ ಸಾಕಾಯಿತು. ಅಳಿಯ ಹೋದ, ಅಳಿಯ ಬಂದ. ಹೋದ, ಬಂದ. ರಾಚವ್ವ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಸೋನಾಲಿಯ ಕೈ ಅಲುಗಿ ಪಾದದ ಬಳ್ಳಿ ಹಿಮ್ಮಡಿಗೆ ಹರಿಯಿತು. ಯಕ್ಷಿತಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳಲೂ ಆಗದೆ ಒದ್ದಾಡಿದಳು. ಅಷ್ಟರಲ್ಲಿ ಶಶಿಕಾಂತನ ಫೋನೇ ಬಂತು, ನೂರು ವರ್ಷ ಆಯುಷ್ಯ ಅವನಿಗೆ. ಸೋನಾಲಿ ಅದನ್ನು ಯಕ್ಷಿತಾಳ ಕಿವಿಗೆ ಹಿಡಿದಳು, ಯಕ್ಷಿತಾ ಗೋಡೆಯ ಕಡೆ ತಿರುಗಿ ಪಿಸುಗುಟ್ಟತೊಡಗಿದಳು.

ಆ ಗಳಿಗೆಯಲ್ಲಿ ಅಳಿಯ ಹೋದ ಸ್ಥಿತಿಯಲ್ಲಿದ್ದ. ರಾಚವ್ವನಿಗೆ ಅದರ ನೆನಪು ಉಳಿಯಲಿಲ್ಲ.

ಅವಳು ಒಂದೇ ಬೆರಳಿನಿಂದ, ಒಂದಿಷ್ಟು ಖಾಲಿ ಸಾಲು ಬಿಟ್ಟು, ಎಲ್ಲಕ್ಕಿಂತ ಕೆಳಗೆ 'ಭಾಗವ್ವ' ಎಂದು ಬರೆದಳು. ನೋಡಿದಳು. ಅಷ್ಟು ದೂರ ಕೊನೆಯಲ್ಲಿ ಬಂದರೆ ಮತ್ತೆ ಬಂಧು-ಬಳಗದ ಜಾಗವೇ ಆಯಿತಲ್ಲ! ಕಂಟ್ರೋಲ್ ಕೆ ಒತ್ತಿ ಎತ್ತಿಕೊಂಡಳು, ಮೇಲೆ ಹೋಗಿ ಮಗಳ ಹೆಸರಿಗೆ ತಾಗಿದಂತೆ ಕೆಳಗೇ ಕಂಟ್ರೋಲ್ ಯು ಒತ್ತಿದಳು. ಅಷ್ಟು ದೊಡ್ಡ ಸಿಟ್ಟಿಗೆ ಒಂದು ಹೆಸರು ಎಲ್ಲಿಗೆ ಸಾಕು? ಮತ್ತೊಮ್ಮೆ ಒತ್ತಿದಳು. ಕೈಗೆ ರುಚಿ ಹತ್ತಿತು. ಮತ್ತೂ ಒತ್ತಿದಳು. ಹೊರಗೆ ಬರುವಾಗ ಯಂತ್ರ ಉಳಿಸಲೇ ಎಂದು ಕೇಳಿತು. ಹೂಂ ಎಂದಳು.

ಸ್ವಲ್ಪ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಭಾಗವ್ವ!

"ಏ ರಾಚೀ, ತೆಲಿ ಕೆಟ್ಟೈತೇನ ನಿನಗ? ಓಣಿ ಮಂದೆಲ್ಲಾ ಗೇಟ್ ಮುಂದ ನಿಂತ ನಗಾಕತ್ತೈತಿ! ಯಕ್ಷಿತಾನ ಲಗ್ನ ನನ್ನ ಕೂಡ ಅಂತ ಬರಾಕತ್ತೈತಿ! ಭಾಗವ್ವ, ಭಾಗವ್ವ, ಭಾಗವ್ವ! ವರ ಎಲ್ಲಿ ಹೋದ?"

"ಅಯ್ಯ, ಕತ್ತರಿಸಿದ್ದೆ ಅಕ್ಕಾರ. ತಿರುಗಿ ಹಚ್ಚೂದ ಮರ್ತೆ!"

ಯಕ್ಷಿತಾ ಕಿಟಾರನೆ ಕಿರುಚಿದಳು. ಆ ಕಡೆ ಶಶಿಕಾಂತ ಏನಾಯಿತೆಂದು ಗಾಬರಿಯಾದ.

"ಮೊದಲ ತಗಿ ಅದನ್ನ" ಎಂದಳು ಭಾಗವ್ವ.

ಇಷ್ಟು ವರ್ಷದಲ್ಲಿ ನಾದಿನಿಗೆ ಎದುರಾಡದ ರಾಚವ್ವ ಅಂದಳು, "ತಗ್ಯಾಂಗಿಲ್ಲ. ಬರ್ತೀನಿ ಅನ್ರಿ, ತಗೀತೀನಿ. ಇಲ್ಲಾಂದ್ರ ಹಂಗ ಓಡಲಿ."

ಆ ಕಡೆಯಿಂದ ನಗು ಕೇಳಿಸಿತು, ಅದು ನಡುವೆಯೇ ಒಡೆದು ಅಳುವಾಯಿತು.

"ಒಂದ ಸಲ ಬರೆದಿದ್ರ ಸಾಕಿತ್ತಲ್ಲ, ಹುಚ್ಚೀ."

"ಒಂದರಾಗ ಮನಸ್ಸು ತುಂಬಲಿಲ್ಲ ಅಕ್ಕಾರ."

ಭಾಗವ್ವ ಮೂಗು ಒರೆಸಿಕೊಂಡಳು. ಬಾಲ್ಕನಿಯಿಂದ ಮತ್ತೊಂದು ಸುತ್ತು ಬೋರ್ಡು ಓದಿರಬೇಕು. "ಅಲ್ಲ, ಇದರಾಗ ನಿನ್ನ ಹೆಸರ ಎಲ್ಲೈತಿ?"

"ನಂದ್ಯಾಕರಿ?"

"ಹಡೆದಾಕಿ ನೀನು. ನಂದ ಒಂದ ಬಿಟ್ಟು ಉಳಿದದ್ದೆಲ್ಲಾ ತಗದ ಅಲ್ಲಿ ನಿಂದ ಹಾಕು. ನಾ ಇಲ್ಲೇ ನೋಡಕೋತ ನಿಂತಿರ್ತೀನಿ. ಅದು ಬಂದ್ರ ನಾಳಿ ಆರತಿ ತಟ್ಟಿ ತಗೊಂಡ ನಾ ಬರ್ತೀನಿ."

ರಾಚವ್ವ ಲ್ಯಾಪ್‌ಟಾಪ್ ಎಳೆದುಕೊಂಡಳು. ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಎಷ್ಟು ಕಾಲವಾಗಿತ್ತೋ, ಕಣ್ಣು ಮಂಜಾಗಿ ಕೀಲಿಗಳು ಕಲಸಿಹೋದವು.

"ಮಮ್ಮೀ, ಶಶಿಕಾಂತ್!" ಎಂದು ಯಕ್ಷಿತಾ ಅಂಗಲಾಚಿದಳು.

"ತಡಿ, ನಿನ್ನ ಹೆಸರಿನ ಕೆಳಗ ಅಂವಂದೂ ಹಾಕ್ತೀನಿ" ಎಂದು ರಾಚವ್ವ ಹೆಚ್ಚಿನ ಭಾಗವ್ವಗಳನ್ನು ಕತ್ತರಿಸಿ ಒಂದೊಂದೇ ಅಕ್ಷರ ಒತ್ತಿದಳು, ಉಳಿಸಿದಳು, ಹೊರಗೆ ಬಂದಳು. ಫೋನಿನಲ್ಲಿ ಜೋಗೇಶ್ವರಿಯ ರಿಕ್ಷಾಗಳ ಸದ್ದಿನ ನಡುವೆ ಭಾಗವ್ವ ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಬಂತ ನೋಡ ರಾಚೀ, ನೀ ಬಂದಿ!"