ಎಲ್ಲರೂ ಎಲ್ಲರೊಡನೆ

ಹಾಸನದ ಆ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಬಿಲಿಯರ್ಡ್ಸ್ ಮೇಜು. ೧೯೬೧ರ ಬೇಸಿಗೆಯಲ್ಲಿ ಹವ್ಯಾಸಿ ಆಟಗಾರರಿಗೆ ಪಂದ್ಯ ಇಡೋಣವೆಂದು ಹೊರಟ ಕಾರ್ಯದರ್ಶಿ ದೇವರಾಜು, ಅದರಿಂದ ತನ್ನ ಊಟ ನಿದ್ದೆ ಹಾರಿಹೋಗುತ್ತದೆಂದು ಎಣಿಸಿರಲಿಲ್ಲ.

ದೇವರಾಜುವೂ ಸೇರಿ ಎಂಟು ಮಂದಿ ಹೆಸರು ಕೊಟ್ಟಿದ್ದರು. ಅವರಲ್ಲಿ ಒಬ್ಬ ಅರಕಲಗೂಡಿನ ಗುಮಾಸ್ತ ಬೈರಯ್ಯ, ಊರಾಚೆಯ ಕೇರಿಯಲ್ಲಿ ಹುಟ್ಟಿ ಓದಿ ಮೇಲೆ ಬಂದವನು. ಅವನು ಸದಸ್ಯನಾದಾಗಿನಿಂದ ಅವನು ಮುಟ್ಟಿದ ಆಟದ ಕೋಲನ್ನು ಕೆಲವರು ಮುಟ್ಟುತ್ತಿರಲಿಲ್ಲ.

ಪಂದ್ಯದ ರೀತಿ ಗೊತ್ತುಮಾಡುವ ಸಭೆಯ ಹಿಂದಿನ ದಿನ, ಹೆಸರು ಕೊಟ್ಟವರಲ್ಲೊಬ್ಬನಾದ ಹೊಳೆನರಸೀಪುರದ ದೊಡ್ಡ ಜಮೀನುದಾರ ಕೆಂಪಣ್ಣ ಜೀಪಿನಲ್ಲಿ ದೇವರಾಜುವಿನ ಮನೆಗೇ ಬಂದ.

“ನಾಕೌಟ್ ಮಡಗು ದೇವರಾಜು. ಮೊದಲ್ನೇ ಆಟ ನನ್ಗೂ ಆ ಬೈರಯ್ಯನ್ಗೂ. ಸೋತು ಬಸ್ ಅತ್ಕೊಂಡು ಓಯ್ತಾನೆ. ಲೀಗ್ ಅಂದ್ರೆ ನಾವೆಲ್ಲ ಒಬ್ಬೊಬ್ರೂ ಅವನ ಜೊತೆ ಆಡ್ಬೇಕಾಯ್ತದೆ.” ಏಳುತ್ತಾ ಮೆಲ್ಲಗೆ ಸೇರಿಸಿದ: “ನಿನ್ ತಮ್ಮ ದೊಡ್ಡಗದ್ದವಳ್ಳಿ ದಾರೀಲಿ ದಿನಾ ಒಬ್ನೇ ಸೈಕಲ್ ತುಳೀತಾನಲ್ವಾ? ಉಷಾರು ಅಂತ ಏಳು.”

ಒಂದೇ ಮೇಜು, ಎಂಟು ಜನ. ನಾಕೌಟೇ ಸಲೀಸು ಎಂದು ದೇವರಾಜು ತನಗೆ ತಾನೇ ಹೇಳಿಕೊಂಡ. ಆದರೂ ಅಂದು ರಾತ್ರಿ ಅನ್ನದ ತಟ್ಟೆಯನ್ನು ಹಾಗೇ ಸರಿಸಿ ಎದ್ದ.

ಸಭೆಯಲ್ಲಿ ಬೈರಯ್ಯ ಗೋಡೆಯ ಪಕ್ಕ ನಿಂತೇ ಕೇಳಿದ: “ಅಷ್ಟು ದೂರದಿಂದ ಬಂದು ಒಂದೇ ಆಟ ಆಡಿ ಓಗೋದಾ ಸಾ?”

ಕೆಂಪಣ್ಣ ಗಟ್ಟಿಯಾಗಿ ನಕ್ಕ. ದೇವರಾಜು ನಗುತ್ತಿದ್ದವನನ್ನೂ ಗೋಡೆಯ ಪಕ್ಕ ನಿಂತಿದ್ದವನನ್ನೂ ನೋಡಿದ. ನಾಕೌಟ್ ಎನ್ನಲು ಬಾಯಿ ತೆರೆದವನು, “ಲೀಗ್. ಎಲ್ಲರೂ ಎಲ್ಲರ ಜೊತೆ ಆಡ್ಬೇಕು” ಎಂದುಬಿಟ್ಟ.

ಕೆಂಪಣ್ಣ ಎದ್ದು ಹೊರಟ. ಅವನ ಹಿಂದೆ ಇನ್ನಿಬ್ಬರು ಹೋದರು.

ಅಂದು ಸಂಜೆ ತಮ್ಮ ಪುಟ್ಟರಾಜು ಬರುವ ಹೊತ್ತು ಮೀರಿತು. ದೇವರಾಜು ಬಾಗಿಲಿಗೂ ಬೀದಿಗೂ ಅಲೆದ. ದೂರದಲ್ಲಿ ಸೈಕಲ್ ಬೆಲ್ ಕೇಳಿದಾಗಲೆಲ್ಲ ಓಡಿದ. ಯಾರ್ಯಾರೋ ಬಂದರು, ತಮ್ಮನಲ್ಲ. ಕೊನೆಗೆ ಪುಟ್ಟರಾಜು ನಡೆದುಕೊಂಡು ಬಂದ. ಅಂಗಿ ಹರಿದಿತ್ತು.

“ಸೈಕಲ್ ಕಿತ್ಕೊಂಡು ಕೆರೆಗೆ ಎಸ್ದ್‌ಬುಟ್ರು ಕಣಣ್ಣ. ಮುಂದಿನ್ಸಾರಿ ಸೈಕಲ್ ಅಲ್ಲ ಅಂತ ನಿನ್ಗೆ ಏಳಕ್ಕೆ ಏಳವ್ರೆ.”

ದೇವರಾಜು ಮೆಟ್ಟಿಲ ಮೇಲೆ ಕೂತ. “ಪಂದ್ಯಾನೇ ನಿಲ್ಲಿಸ್ಬುಡ್ತೀನಿ.”

“ಬ್ಯಾಡ. ನಾಳೆಯಿಂದ ನಾನು ಬಸ್ಸಲ್ಲಿ ಓಯ್ತೀನಿ. ಆಡ್ಸು ನೀನು” ಎಂದ ತಮ್ಮ.

ಉಳಿದವರು ಐವರೇ ಆದ್ದರಿಂದ ಒಂದು ಮೇಜು ಲೀಗಿಗೆ ಸಾಕಾಯಿತು. ಮೊದಲ ಆಟ ದೇವರಾಜುವಿಗೂ ಬೈರಯ್ಯನಿಗೂ ಬಿತ್ತು. ಹೊರಗೆ ಯಾವುದೋ ಗಾಡಿ ಗುರುಗುಟ್ಟಿತು. ದೇವರಾಜುವಿನ ಕೋಲು ಜಾರಿ ಚೆಂಡು ಎತ್ತಲೋ ಹೋಯಿತು. ಬೈರಯ್ಯ ಬಗ್ಗಿದ, ಆದರೆ ಹೊಡೆಯದೆ ಮತ್ತೆ ಮತ್ತೆ ಬಾಗಿಲತ್ತ ನೋಡಿದ.

“ನಿಮ್ಗೂ ಭಯಾನಾ?” ದೇವರಾಜು ಪಿಸುಗುಟ್ಟಿದ.

“ಬಸ್ ಇಳ್ದಾಗ್ಲಿಂದ್ಲೂ ಸಾ.” ಬೈರಯ್ಯ ಕೋಲನ್ನು ಎದೆಗೊರಗಿಸಿ ಬಾಗಿಲ ಕಡೆ ತಿರುಗಿ ನಿಂತ. “ಒಂದ್ಕೆಲ್ಸ ಮಾಡಾನ. ನೀವು ಒಡೀವಾಗ ಬಾಗ್ಲ ನಾನು ನೋಡ್ಕತೀನಿ. ನಾನು ಒಡೀವಾಗ ನೀವು ನೋಡ್ಕಳಿ.”

ಹಾಗೆಯೇ ಆಡಿದರು. ಉಳಿದ ಮೂವರೂ ಅದನ್ನೇ ರೂಢಿ ಮಾಡಿಕೊಂಡರು. ಜೀಪು ಬರಲಿಲ್ಲ. ಬೈರಯ್ಯ ಎರಡನೆಯ ಸ್ಥಾನ ಪಡೆದ. ಪಂದ್ಯ ಮುಗಿದ ಸಂಜೆ ಉಳಿದ ನಾಲ್ವರೂ ಒಟ್ಟಾಗಿ ಅವನನ್ನು ಬಸ್ಸಿನವರೆಗೆ ಬಿಟ್ಟುಬಂದರು. ಒಬ್ಬನನ್ನೇ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ.