ನೋಡುವುದಷ್ಟೇ ಕೆಲಸ

ಕೆಲಸ ಬಿಟ್ಟು ಮನೆಗೆ ನಡೆಯುವ ದಾರಿ, ಪಕ್ಕದಲ್ಲಿ ಅತ್ತಿಗೆಯ ಎಡಗಾಲಿನ ಚಪ್ಪಲಿ ನೆಲಕ್ಕೆ ಉಜ್ಜುತ್ತಿದೆ, ಬೆಳಿಗ್ಗೆ ಉಜ್ಜುತ್ತಿರಲಿಲ್ಲ, ಈಗ ಕಾಲು ಎತ್ತಿಡುವಷ್ಟೂ ಮನಸ್ಸಿಲ್ಲ ಅವಳಿಗೆ — ಇಂಥದ್ದೆಲ್ಲ ನನಗೇ ಯಾಕೆ ಕಾಣಬೇಕು, ಚಿಕ್ಕಂದಿನಿಂದ ಹೀಗೇ, ಕರವಸ್ತ್ರದ ಮುದುರು ನೋಡಿಯೇ ಅಮ್ಮ ಅತ್ತಿದ್ದಾಳೆಂದು ತಿಳಿಯುತ್ತಿತ್ತು, ಅಂಕಿ ಕಂಡರೆ ಮಾತ್ರ ತಲೆ ಚಿಟ್ಟು ಹಿಡಿಯುತ್ತದೆ, ಆರು ಮಗುಚಿಕೊಂಡು ಒಂಬತ್ತಾಗುತ್ತದೆ, ಔಷಧಿ ಅಂಗಡಿಯಲ್ಲಿ ವಾರ ಉಳಿಯಲಿಲ್ಲ, ಟಿಕೆಟ್ ಕೌಂಟರಿನಲ್ಲಿ ಮಧ್ಯಾಹ್ನದವರೆಗೂ ಇಲ್ಲ, ಅಣ್ಣ ಊಟಕ್ಕೆ ಕೂತಾಗೆಲ್ಲ, ಬಾರೇ ಸೊನ್ನೆ, ಎಷ್ಟು ತಟ್ಟೆ ಇಡ್ಬೇಕು ಗೊತ್ತಾ ಎನ್ನುತ್ತಿದ್ದ, ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು — ನಕ್ಕಿದ್ದಳು, ನಾನು ನೋಡಿದ್ದೇನೆ — ಆಮೇಲೆ ಅವಳೇ ನನ್ನನ್ನು ತಾನು ಹೊಲಿಯುವ ಗಾರ್ಮೆಂಟ್ಸಿಗೆ ಕರೆದೊಯ್ದು ಸೂಪರ್‌ವೈಸರ್ ಮುಂದೆ ಕೈಕಟ್ಟಿ ನಿಂತದ್ದು, ಸಾರ್, ನಮ್ಮ ನಾದಿನಿ, ಲೆಕ್ಕ ಕೇಳ್ಬೇಡಿ, ಆದ್ರೆ ಇವಳ ಕಣ್ಣು ತಪ್ಪಿಸಿ ಒಂದು ನೂಲೂ ಹೋಗಲ್ಲ, ಚೆಕಿಂಗ್‌ಗೆ ಹಾಕ್ಕೊಳ್ಳಿ.

ಟ್ಯೂಬ್‌ಲೈಟಿನ ಕೆಳಗೆ ಉದ್ದದ ಮೇಜು, ಅಂಗಿಗಳ ರಾಶಿ, ತಿರುವು, ನೋಡು, ಸರಿಯಿದ್ದರೆ ಆಚೆ, ತಪ್ಪಿದ್ದರೆ ಕೆಂಪು ಸ್ಟಿಕ್ಕರ್, ಎಣಿಸುವವರು ಬೇರೆ ಇದ್ದಾರೆ, ನನ್ನದು ನೋಡುವುದಷ್ಟೇ, ಯಾರೂ ಬೈಯದ ಮೊದಲ ಜಾಗ, ಹೊಲಿಗೆ ನೋಡಿ ಹೊಲಿದವಳನ್ನು ಹೇಳುವಷ್ಟಾಯಿತು, ಆತುರದವಳದು ಮೂಲೆಯಲ್ಲಿ ಗುಂಡಗಾಗುತ್ತದೆ, ಜಗಳವಾಡಿ ಬಂದವಳದು ಬಿಗಿ, ಅತ್ತಿಗೆಯದು ಗೆರೆ ಎಳೆದ ಹಾಗಿತ್ತು — ಇತ್ತು — ಈಚೆಗೆ ಕಾಲರಿನ ತಿರುವಿನಲ್ಲಿ ಅಂಚು ಬಿಟ್ಟು ಒಳಕ್ಕೆ ಜಾರುತ್ತಿದೆ, ಮನೆಯಲ್ಲಿ ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುತ್ತಾಳೆ, ಯಾರಿಗೂ ಹೇಳ್ಬೇಡ ಕಣೇ, ಕಣ್ಣೆಲ್ಲ ಮಂಜು ಮಂಜು, ಕೆಲಸ ಹೋದ್ರೆ ನಿಮ್ಮಣ್ಣ ನನ್ನ ಮನೇಲಿ ಇಟ್ಕೊಳ್ತಾನಾ, ಹೇಳಲಿಲ್ಲ, ಅವಳ ಅಂಗಿಗಳನ್ನು ಸುಮ್ಮನೆ ಆಚೆ ತಳ್ಳಿದೆ, ಇವತ್ತು ಅವು ಕೊಂಡವರಿಂದ ವಾಪಸ್ ಬಂದವು. ಸೂಪರ್‌ವೈಸರ್ ಮೇಜಿನ ಮೇಲೆ ಒಗೆದ, ನಿನ್ನ ಕಣ್ಣಿಗೇ ಮಣ್ಣೆರಚಿದಾಳಲ್ಲ, ಯಾವಳು ಅವಳು, ಅಂಗಿಯ ಮೇಲೆ ಹೊಲಿದವರ ಗುರುತಿರಲಿಲ್ಲ, ಗೊತ್ತಿಲ್ಲ ಸಾರ್ ಎಂದಿದ್ದರೆ ಮುಗಿಯುತ್ತಿತ್ತು, ಆದರೆ ಗೊತ್ತಿತ್ತಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಒಮ್ಮೆಯಾದರೂ ನನಗೆ ಗೊತ್ತಿತ್ತಲ್ಲ, ಕಿಟಕಿ ಪಕ್ಕದ ಮೆಷಿನ್ದು ಸಾರ್, ಅತ್ತಿಗೆ ಎನ್ನಲಿಲ್ಲ, ಮೆಷಿನ್ ಎಂದೆ, ಭೇಷ್ ಎಂದ, ಆ ಮಾತು ಬಿಸಿಬಿಸಿಯಾಗಿ ಎದೆಗಿಳಿಯಿತು, ಈಗಲೂ ಅಲ್ಲೇ ಇದೆ, ಆರಿಲ್ಲ.

ಅತ್ತಿಗೆಯನ್ನು ಎಲ್ಲರೆದುರು ನಿಲ್ಲಿಸಿದ, ದಾರ ಪೋಣಿಸಮ್ಮ ನೋಡೋಣ, ಮೆಷಿನ್ನುಗಳು ಒಂದೊಂದಾಗಿ ಸುಮ್ಮನಾದವು, ಅತ್ತಿಗೆ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಗೆ ಹಿಡಿದಳು, ಪಕ್ಕಕ್ಕೆ ಹೋಯಿತು, ಮತ್ತೆ ಹಿಡಿದಳು, ಯಾರೋ ಕಿಸಕ್ಕೆಂದರು, ಅವಳು ತಲೆಯೆತ್ತಿ ನನ್ನನ್ನೇ ಹುಡುಕಿದಳು, ನಾನು ಅಂಗಿ ತಿರುವಿದೆ, ಸಾಕು ಬಿಡಮ್ಮ, ನಾಳೆಯಿಂದ ಬರ್ಬೇಡ — ಈಗ ರಸ್ತೆ ದಾಟಬೇಕು, ಅತ್ತಿಗೆ ನನ್ನ ತೋಳು ಹಿಡಿಯುತ್ತಾಳೆ, ಅವಳಿಗೆ ಫುಟ್‌ಪಾತಿನ ಅಂಚು ಕಾಣುತ್ತಿಲ್ಲ, ಯಾರೋ ಚಾಡಿ ಹೇಳಿದಾರೆ ಕಣೇ, ಪಕ್ಕದ ಮೆಷಿನ್ನೋಳೇ ಇರ್ಬೇಕು, ನಿನ್ನ ಕಣ್ಣಿಗೆ ಬೀಳ್ದೆ ಇರುತ್ತಾ, ಪತ್ತೆ ಮಾಡಿ ಹೇಳ್ತೀಯಾ, ಹೂಂ ಅತ್ತಿಗೆ, ನೋಡ್ತೀನಿ, ತೋಳಿನ ಮೇಲೆ ಅವಳ ಬೆರಳು, ಅದೇ ಎರಡು ಬೆರಳು, ಕಣ್ಣು ಮುಚ್ಚಿದರೂ ಅವುಗಳ ನಡುವೆ ದಾರದ ಒದ್ದೆ ತುದಿ, ಎತ್ತುತ್ತಾಳೆ, ಸೂಜಿಯ ಪಕ್ಕಕ್ಕೆ, ಮತ್ತೆ ನಾಲಿಗೆಗೆ, ಮತ್ತೆ ಎತ್ತುತ್ತಾಳೆ, ಪಕ್ಕಕ್ಕೆ, ಒದ್ದೆ ತುದಿ, ಪಕ್ಕಕ್ಕೆ —