ಭಾವನ ತೆರಿಗೆ ಪಾಂಡಿತ್ಯ

ತನಗೆ ತಿಳಿಯದ ವಿಷಯವೇ ಇಲ್ಲವೆಂದು ಭಾವ ನಂಬಿದ್ದ. ಯಾವುದೋ ಕಾಲದಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಗುಮಾಸ್ತನಾಗಿ ಸೇರಿ, ಕುರ್ಚಿ ಬಿಸಿಯಾಗುವ ಮೊದಲೇ ಹೊರಬಿದ್ದಿದ್ದ. ಆದರೆ ಆ ಕಚೇರಿಯನ್ನು ತಾನೇ ಕಟ್ಟಿ ಬೆಳೆಸಿದವನ ಹಾಗೆ ಮಾತಾಡುತ್ತಿದ್ದ.

ಅವನ ನಾದಿನಿ ಪರದೆ ಹೊಲಿಯುವವಳು. ಅಂಗಡಿಯ ಕೆಲಸ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕಸುಬು ಶುರುಮಾಡಿದ್ದಳು. ಸಂಬಳದಲ್ಲಿ ತೆರಿಗೆ ತಾನಾಗಿ ಕಡಿತವಾಗುತ್ತಿತ್ತು. ಈಗ ಎಲ್ಲವೂ ತನ್ನ ತಲೆಯ ಮೇಲೆ. ಭಾವ ಹಿಗ್ಗಿಹೋದ.

"ತೆರಿಗೆ ಲೆಕ್ಕ ಬಲು ಕಷ್ಟ, ನಂಗೆ ಬಿಡು. ಸ್ವಂತ ಕೆಲಸ ಅಂದ್ಮೇಲೆ ಎಲ್ಲಾನೂ ಖರ್ಚಿಗೆ ಹಾಕ್ಬೇಕು."

"ಎಲ್ಲಾನೂ ಅಂದ್ರೆ, ಭಾವ?"

"ನೀನು ಉಣ್ಣದೆ ಹೊಲಿಯೋಕಾಗುತ್ತಾ? ಊಟ, ಖರ್ಚು!"

"ನಿದ್ದೆ?"

"ಹಾಸಿಗೆ, ಖರ್ಚು!"

ಇವನ ತಲೆ ಒಂದನ್ನು ಖರ್ಚಿಗೆ ಹಾಕಲಾಗದು, ಬಳಸಿದ್ದರೆ ತಾನೆ, ಎಂದುಕೊಂಡಳು. ಆದರೂ ಅಕ್ಕನ ಮುಖ ನೋಡಿ, ಅವನು ತುಂಬಿದ ತೆರಿಗೆ ಪತ್ರಗಳನ್ನು ಓದದೆಯೇ, ತೋರಿಸಿದಲ್ಲಿ ಸಹಿ ಹಾಕಿದಳು.

ಕೆಲವು ತಿಂಗಳ ಮೇಲೆ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು ಬಂದರು. ಕಡಿಮೆ ಮಾತಿನ ಹೆಂಗಸು. ಬಟ್ಟೆಯ ರಾಶಿ ಸರಿಸಿ ಸ್ಟೂಲಿನ ಮೇಲೆ ಕೂತರು.

"ಸರಕು ಸಾಗಿಸೋಕೆ ಕಾರು ಅಂತ ತೋರಿಸಿದೀರಿ. ಎಲ್ಲಿದೆ?"

"ಯಾವ ಕಾರು?"

ಅಷ್ಟರಲ್ಲಿ ಸುದ್ದಿ ತಿಳಿದ ಭಾವ ಅದೇ ಕಾರಿನಲ್ಲಿ ಬಂದಿಳಿದ. ಅಧಿಕಾರಿ ಕಿಟಕಿಯೊಳಗೆ ಇಣುಕಿದರು. ಹಿಂದಿನ ಸೀಟಿನ ತುಂಬ ಮೀನು ಹಿಡಿಯುವ ಗಾಳಗಳು.

"ಇದ್ರಲ್ಲಿ ಪರದೆ ಸಾಗಿಸ್ತೀರಾ?"

ಭಾವ ಬಿಸಿಲು ತಡೆಯಲೆಂದು ಗಾಜಿಗೆ ನೇತುಹಾಕಿದ್ದ ತುಂಡುಬಟ್ಟೆ ತೋರಿಸಿದ. "ಇಲ್ನೋಡಿ ಮೇಡಂ, ಪರದೆ. ಸದಾ ಇರುತ್ತೆ."

ನಾದಿನಿಗೆ ತಡೆಯಲಾಗಲಿಲ್ಲ. "ಕಾರು ಇವರದು, ಮೇಡಂ. ಇದರಲ್ಲಿ ನಾನು ಕೂತೇ ಇಲ್ಲ. ಪರದೆ ಹೋಗೋದು ಬಾಡಿಗೆ ವ್ಯಾನಲ್ಲಿ."

"ಆ ಬಾಡಿಗೆ ಯಾಕೆ ಬರೆದಿಲ್ಲ? ನೂಲು, ಮಿಷನ್ ರಿಪೇರಿ, ಯಾವುದೂ ಇಲ್ಲವಲ್ಲ?"

"ಅದೆಲ್ಲ ಚಿಲ್ಲರೆ, ಮೇಡಂ," ಎಂದ ಭಾವ ದೊಡ್ಡ ಮನಸ್ಸಿನಿಂದ.

ಅಧಿಕಾರಿ ಅವನತ್ತ ತಿರುಗಲೂ ಇಲ್ಲ. "ನೋಡಮ್ಮ, ಕೆಲಸಕ್ಕೆ ನಿಜವಾಗಿ ಆಗಿದ್ದೇ ಖರ್ಚು. ರಸೀದಿ ಇಟ್ಕೊಳ್ಳಿ. ಪ್ರತಿ ಸಲ ಹಣ ಬಂದಾಗ ತೆರಿಗೆ ಪಾಲು ಆಗಲೇ ಬೇರೆ ಎತ್ತಿಡಿ. ನಿಮ್ಮ ಬದಲು ತೆರಿಗೆ ಮುರಿದು ಕಟ್ಟೋರು ಈಗ ಯಾರೂ ಇಲ್ಲ."

ನಿಜವಾದ ಖರ್ಚು ಕಳೆದ ಮೇಲೂ ತೆರಿಗೆ, ದಂಡ ಎರಡೂ ಉಳಿದವು. ಹೊಸ ಮಿಷನ್ನಿಗೆಂದು ಕೂಡಿಟ್ಟಿದ್ದು ಕರಗಿಹೋಯಿತು. ಅವಳಿಗೆ ಹೊಟ್ಟೆ ಉರಿದಿದ್ದು ದಂಡಕ್ಕಲ್ಲ. ಇಂಥವನೆದುರು ತಲೆಯಾಡಿಸುತ್ತ ಕೂತಿದ್ದಕ್ಕೆ. ಮರುವರ್ಷ ಲೆಕ್ಕವನ್ನೆಲ್ಲ ತಾನೇ ಬರೆದಳು. ಅಷ್ಟೇನೂ ಕಷ್ಟವಿರಲಿಲ್ಲ. ಕಷ್ಟವೆಂದು ಹೆದರಿಸಿದ್ದು ಭಾವನೇ.

ಒಂದು ದಿನ ಅಕ್ಕ ಬಂದಳು. "ನಿಮ್ಮ ಭಾವ ಬೇಜಾರು ಮಾಡ್ಕೊಂಡಿದಾರೆ ಕಣೇ. ಆ ಹೆಂಗಸಿಗೆ ಕಾನೂನೇ ಗೊತ್ತಿಲ್ಲ ಅಂತಾರೆ. ನೀನೇ ಬಂದು ಒಂದ್ಮಾತು ಆಡು."

"ದಂಡ ಕಟ್ಟಿದ್ದು ನಾನು, ಬೇಜಾರು ಅವರಿಗಾ?"

ಅಕ್ಕ ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ.

"ಹಾಗಾದ್ರೆ ಬರಲ್ವಾ?"

"ನೀನು ಯಾವಾಗ ಬೇಕಾದ್ರೂ ಬಾ. ಅವರ ಸಲಹೆ ಅಲ್ಲೇ ಇರಲಿ," ಎಂದು ಅವಳು ಮಿಷನ್ ತುಳಿಯತೊಡಗಿದಳು.